ಫೋಟೋ ನನ್ನದು, ಪಕ್ಕದಲ್ಲಿ ‘ಕೃಪೆ: ಅಂತರ್ಜಾಲ’. ಮುಂದೇನು ಮಾಡಲಿ?

ಬಸವನಗುಡಿ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಪತ್ರಿಕೆಯಲ್ಲಿ ಕೆಲಸ ಮಾಡುವವರು, ಚಿತ್ರ ಬಿಡಿಸುವವರು, ಅನುವಾದ ಮಾಡುವವರು ಈ ಗುಂಪಿನಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ಸಲಹೆ ಬೇಕಿತ್ತು.

ಕಡಲೆಕಾಯಿ ಪರಿಷೆಯಲ್ಲಿ ನಾನು ತೆಗೆದ ಫೋಟೋ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದಿದೆ. ಅರ್ಧ ಪುಟ. ಬುಲ್ ಟೆಂಪಲ್ ರಸ್ತೆಯ ಪಕ್ಕ ಅಜ್ಜಿಯೊಬ್ಬರು ಸೇರಿನಿಂದ ಕಡಲೆಕಾಯಿ ಸುರಿಯುತ್ತಿದ್ದಾರೆ. ನಾಲ್ಕೈದು ಕಾಯಿ ಇನ್ನೂ ಗಾಳಿಯಲ್ಲೇ ಇವೆ. ಹಿಂದೆ ಬಲ್ಬಿನ ಸಾಲು. ನನ್ನ ಪೇಜಿನಲ್ಲಿ ಹಾಕಿದಾಗ ಬಲಗಡೆ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ನನ್ನ ಹೆಸರಿತ್ತು. ಪತ್ರಿಕೆಯಲ್ಲಿ ಆ ಮೂಲೆಯೇ ಇಲ್ಲ. ಹೆಸರಿನ ಜೊತೆ ಅಜ್ಜಿಯ ಎಡಗೈಯೂ ಕತ್ತರಿಸಿ ಹೋಗಿದೆ. ಆ ಕೈಯಲ್ಲಿ ಗಿರಾಕಿಯ ಬಟ್ಟೆ ಚೀಲ ಇತ್ತು. ಈಗ ನೋಡಿದರೆ ಕಾಯಿ ಎಲ್ಲಿಗೆ ಬೀಳುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಫೋಟೋದ ಪಕ್ಕದಲ್ಲಿ ಅಡ್ಡ ತಿರುಗಿಸಿದ ಸಣ್ಣ ಅಕ್ಷರದಲ್ಲಿ ‘ಚಿತ್ರ ಕೃಪೆ: ಅಂತರ್ಜಾಲ’ ಎಂದಿದೆ. ಲೇಖನ ಬರೆದವರ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿದೆ.

ಕಚೇರಿಗೆ ಫೋನ್ ಮಾಡಿದೆ. ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರು. “ಕೃಪೆ ಹಾಕಿದ್ದೀವಲ್ಲ ಮೇಡಂ, ನೆಟ್‌ನಲ್ಲಿ ಸಿಕ್ಕಿದ್ದು. ನಿಮ್ಮ ಫೋಟೋ ಅಷ್ಟು ಜನ ನೋಡಿದರು, ಪ್ರಚಾರ ಸಿಕ್ಕಿತಲ್ವಾ” ಎಂದರು. ಹೆಸರೇ ಇಲ್ಲದ ಮೇಲೆ ಪ್ರಚಾರ ಯಾರಿಗೆ ಸಿಕ್ಕಿತು?

ನನಗೆ ಜಗಳ ಬೇಡ. ಆದರೆ ಸುಮ್ನೆ ಬಿಡುವುದಕ್ಕೂ ಮನಸ್ಸಿಲ್ಲ. ಹೆಸರು ಅಂದರೆ ನನಗೆ ಮುಂದಿನ ಕೆಲಸ. ಯಾರೋ ಫೋಟೋ ನೋಡುತ್ತಾರೆ, ಕೆಳಗಿನ ಹೆಸರು ಓದುತ್ತಾರೆ, ಹುಡುಕಿ ಫೋನ್ ಮಾಡುತ್ತಾರೆ. ಪುಸ್ತಕದ ಮುಖಪುಟದ ಕೆಲಸ, ನಾಟಕ ತಂಡದ ಕೆಲಸ ಎಲ್ಲಾ ನನಗೆ ಬಂದಿದ್ದು ಹೀಗೇ. ಆ ಒಂದು ಸಾಲು ಅಳಿಸಿದವರು ನನ್ನ ಮನೆ ದಾರಿಯನ್ನೇ ಅಳಿಸಿದ ಹಾಗೆ.

ತಿದ್ದುಪಡಿ ಹಾಕಿಸಬಹುದಾ? ಸಂಭಾವನೆ ಕೇಳಬಹುದಾ? ಹೇಗೆ ಕೇಳಬೇಕು?

ಓದುಗ, ಯಲಹಂಕ

ಒಂದು ಸಂಶಯ ಮೇಡಂ, ತಪ್ಪು ತಿಳಿಯಬೇಡಿ. ಎಲ್ಲರಿಗೂ ಕಾಣುವ ಹಾಗೆ ಪೇಜಿನಲ್ಲಿ ಹಾಕಿದ ಮೇಲೆ ಅದು ಸಾರ್ವಜನಿಕ ಆಗುವುದಿಲ್ವಾ? ಕಾಪಿರೈಟ್ ರಿಜಿಸ್ಟರ್ ಮಾಡಿಸಿದ್ದರೆ ತಾನೇ ಹಕ್ಕು ಬರುವುದು?

ವಿಜಯನಗರದ ವಕೀಲ

ಈ ಎರಡೂ ಪ್ರಶ್ನೆ ನನ್ನ ಹತ್ತಿರ ಬರುವವರೆಲ್ಲ ಕೇಳುತ್ತಾರೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಅದರ ಪ್ರಕಾರ ಫೋಟೋ ತೆಗೆದ ಕ್ಷಣದಲ್ಲೇ, ಚಿತ್ರ ಬಿಡಿಸಿದಾಗಲೇ, ಬರೆದಾಗಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಮಾಡಿಸಿದ್ದರೆ ಕೋರ್ಟಿನಲ್ಲಿ ಸಾಕ್ಷಿಗೆ ಅನುಕೂಲ, ಅಷ್ಟೇ. ಎಲ್ಲರಿಗೂ ಕಾಣುವ ಕಡೆ ಹಾಕಿದ ಮಾತ್ರಕ್ಕೆ ಯಾರು ಬೇಕಾದರೂ ಮುದ್ರಿಸಬಹುದು ಅಂತಾಗುವುದಿಲ್ಲ.

ಮೇಡಂ, ನಿಮ್ಮ ವಿಷಯದಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿಗೆ ಪೆಟ್ಟು ಬಿದ್ದಿದೆ. ಇವೆರಡನ್ನೂ ಕಲಸಬೇಡಿ. ಒಂದು, ನಿಮ್ಮನ್ನು ಕೇಳದೆ ಮುದ್ರಿಸಿದ್ದು. ಇದು ಕಾಪಿರೈಟ್. ಇನ್ನೊಂದು, ನಿಮ್ಮ ಹೆಸರು ಹಾಕದೇ ಇದ್ದದ್ದು. ಇದು ಸೆಕ್ಷನ್ 57. ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕು, ಅದನ್ನು ತನ್ನ ಮಾನಕ್ಕೆ ಕುಂದು ಬರುವ ಹಾಗೆ ತಿರುಚಿದರೆ ತಡೆಯುವ ಹಕ್ಕು, ಎರಡೂ ಅದರಲ್ಲಿವೆ. ಇದರ ವಿಶೇಷ ಏನೆಂದರೆ, ಕಾಪಿರೈಟನ್ನು ಪೂರ್ತಿ ಮಾರಿಬಿಟ್ಟರೂ ಈ ಹಕ್ಕು ಕೃತಿ ಮಾಡಿದವರ ಹತ್ತಿರವೇ ಉಳಿಯುತ್ತದೆ.

ಹೀಗಾಗಿ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಹೆಸರು ಬಿಡಬಹುದು ಅಂತಲೂ ಅಲ್ಲ.

ಸೆಕ್ಷನ್ 57 ಬರೀ ಪುಸ್ತಕದಲ್ಲಿರುವ ಮಾತು ಎಂದುಕೊಳ್ಳಬೇಡಿ. ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕೆ ದೊಡ್ಡ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಸರ್ಕಾರ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿತು. ಶಿಲ್ಪ ಸರ್ಕಾರದ್ದೇ, ದುಡ್ಡು ಕೊಟ್ಟಿದ್ದೂ ಸರ್ಕಾರವೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದಿದ್ದ ಭಾಗವನ್ನು ಕಲಾವಿದರಿಗೆ ವಾಪಸ್ ಕೊಡಿ, ಜೊತೆಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು.

ಪತ್ರಿಕೆಯವರು ಸೆಕ್ಷನ್ 52 ಎನ್ನಬಹುದು. ವಿಮರ್ಶೆಗೆ, ಪ್ರಚಲಿತ ಘಟನೆಯ ವರದಿಗೆ ನ್ಯಾಯವಾದ ಮಿತಿಯಲ್ಲಿ ಬಳಸಲು ಅಲ್ಲಿ ಅವಕಾಶ ಇದೆ. ಆದರೆ ನಿಮ್ಮ ಫೋಟೋ ಬಗ್ಗೆ ಅವರು ವಿಮರ್ಶೆ ಬರೆದಿಲ್ಲ. ಪುಟ ಚೆನ್ನಾಗಿ ಕಾಣಲಿ ಎಂದು ಅರ್ಧ ಪುಟಕ್ಕೆ ಹಾಕಿಕೊಂಡಿದ್ದಾರೆ. ಆ ವಾದ ನಿಲ್ಲುವುದು ಕಷ್ಟ.

ಡೆಸ್ಕ್‌ನಲ್ಲಿ ಕೂತವನು

ಪತ್ರಿಕೆಯ ಒಳಗಡೆ ಇದು ಹೇಗೆ ಆಗುತ್ತೆ ಅಂತ ಹೇಳುತ್ತೇನೆ. ಸಮರ್ಥನೆಗೆ ಅಲ್ಲ. ಎಲ್ಲಿ ಹಿಡಿಯಬೇಕು ಅಂತ ಗೊತ್ತಾದರೆ ತಡೆಯೋದು ಸುಲಭ.

ಲೇಖಕರು ಬರಹದ ಜೊತೆಗೇ ಫೋಟೋ ವಾಟ್ಸಾಪ್ ಮಾಡುತ್ತಾರೆ. ಅವರಿಗೆ ಅದು ಯಾವುದೋ ಗುಂಪಿನಿಂದ ಬಂದಿರುತ್ತೆ. ಕ್ಯಾಮೆರಾ ಫೈಲಿನ ಒಳಗೆ ತೆಗೆದವರ ಹೆಸರು, ಕಾಪಿರೈಟ್ ಸಾಲು ಬರೆದಿಡಲು ಜಾಗ ಇದೆ. ಆದರೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಆ ಮಾಹಿತಿ ಎಲ್ಲಾ ಹೋಗಿಬಿಡುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಉಳಿಯುತ್ತೆ. ಅಲ್ಲಿಗೆ ನಮ್ಮ ಕೈಗೆ ಬರುವಾಗ ಫೈಲಿಗೆ ಒಂದು ತಾರೀಖು ಬಿಟ್ಟರೆ ಬೇರೆ ಗುರುತೇ ಇರಲ್ಲ. ರಾತ್ರಿ ಪುಟ ಮುಗಿಸುವ ಹೊತ್ತು. ಪುಟ ವಿನ್ಯಾಸ ಮಾಡುವವರು ಯಾರದು ಅಂತ ಕೇಳುತ್ತಾರೆ. ಯಾರಿಗೂ ಗೊತ್ತಿಲ್ಲ. ಹಾಗಾದಾಗ ಬರುವ ಸಾಲೇ ‘ಕೃಪೆ: ಅಂತರ್ಜಾಲ’. ಓದುಗರಿಗೆ ಅದು ಪ್ರಾಮಾಣಿಕತೆ ಥರ ಕಾಣುತ್ತೆ. ಒಳಗಿದ್ದವನಾಗಿ ಹೇಳುತ್ತೇನೆ, ಅದರ ಅರ್ಥ ಒಂದೇ: ಯಾರೂ ಹುಡುಕಲಿಲ್ಲ.

ಹುಡುಕೋದು ಕಷ್ಟ ಏನಲ್ಲ. ಗೂಗಲ್ ಲೆನ್ಸ್ ಅಥವಾ ಟಿನ್‌ಐ ಅಂಥದ್ದರಲ್ಲಿ ಫೋಟೋ ಹಾಕಿದರೆ ಎಷ್ಟೋ ಸಲ ಮೂಲ ಪೇಜೇ ಎದುರಿಗೆ ಬರುತ್ತೆ. ಸಿಗಲಿಲ್ಲ ಅಂದರೆ ಆ ಫೋಟೋ ಬಿಡಬೇಕು. ಕಡಲೆಕಾಯಿ ಪರಿಷೆಗೆ ಬೆಂಗಳೂರಿನಲ್ಲಿ ಬೇರೆ ಫೋಟೋ ಸಿಗಲ್ಲ ಅನ್ನೋ ಪರಿಸ್ಥಿತಿ ಇಲ್ಲ.

ನನ್ನ ಪ್ರಕಾರ ಇದಕ್ಕೆ ನಿಜವಾದ ಮದ್ದು ಪುಟದ ಅಚ್ಚಿನಲ್ಲೇ ಇದೆ. ತಲೆಬರಹಕ್ಕೆ ಜಾಗ ಇರುತ್ತೆ, ಅಡಿಬರಹಕ್ಕೆ ಜಾಗ ಇರುತ್ತೆ. ಫೋಟೋ ತೆಗೆದವರ ಹೆಸರಿಗೂ ಹಾಗೇ ಒಂದು ಜಾಗ ಖಾಯಂ ಆಗಿ ಇರಬೇಕು. ಅದು ಖಾಲಿ ಇದ್ದರೆ ಪುಟ ಮುದ್ರಣಕ್ಕೆ ಹೋಗಬಾರದು. ತಲೆಬರಹ ಇಲ್ಲದ ಲೇಖನವನ್ನು ಯಾರೂ ಬಿಡಲ್ಲ ಅಲ್ವಾ?

ಗೆರೆ ಎಳೆಯುವವ

ಡೆಸ್ಕ್ ಅಣ್ಣ ಹೇಳಿದ್ದು ಸರಿ. ಆದರೆ ನಮ್ಮಂಥ ಚಿತ್ರ ಬಿಡಿಸುವವರ ಸಂಕಟ ಸ್ವಲ್ಪ ಬೇರೆ. ನಮಗೆ ಸಹಿ ಇರುತ್ತೆ. ಸಹಿ ಇದ್ದೂ ಹೆಸರು ಹೋಗುತ್ತೆ.

ಚಿತ್ರಸಂತೆ ದಿನ ಕುಮಾರಕೃಪಾ ರಸ್ತೆಯಲ್ಲಿ ನಿಂತು ನೋಡಿ. ಚಿತ್ರ ಕೊಳ್ಳುವವರಿಗಿಂತ ಚಿತ್ರದ ಫೋಟೋ ತೆಗೆದುಕೊಳ್ಳುವವರು ಜಾಸ್ತಿ. ಅದರಲ್ಲಿ ತಪ್ಪಿಲ್ಲ. ಮನೆಗೆ ಹೋಗಿ ಖುಷಿಯಿಂದ ನೋಡಲಿ. ಆದರೆ ಅದೇ ಚಿತ್ರ ಆಮೇಲೆ ಕವನ ಸಂಕಲನದ ಮುಖಪುಟ ಆಗಿರುತ್ತೆ. ನನ್ನ ಗೆಳೆಯನ ಜಲವರ್ಣ ಹಾಗೇ ಆಯಿತು. ಮಳೆಯಲ್ಲಿ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು ಬರೆದಿದ್ದ. ಪುಸ್ತಕದಲ್ಲಿ ಸಹಿ ಇದ್ದ ಜಾಗದ ಮೇಲೇ ಪ್ರಕಾಶನದ ಗುರುತು ಕೂರಿಸಿದ್ದರು. ಒಳಪುಟದಲ್ಲಿ ‘ಮುಖಪುಟ ವಿನ್ಯಾಸ’ ಎಂದು ಡಿಟಿಪಿ ಮಾಡಿದವರ ಹೆಸರಿತ್ತು. ಅವರ ಹೆಸರು ಬೇಡ ಅಂತ ನಾನು ಹೇಳುತ್ತಿಲ್ಲ. ಅವರೂ ಕೆಲಸ ಮಾಡಿದ್ದಾರೆ. ಇಬ್ಬರ ಹೆಸರೂ ಬರಬೇಕಿತ್ತು. ಹೂವು ಬರೆದವನದು ಮೊದಲು ಬರಬೇಕಿತ್ತು.

ಟ್ರಿನಿಟಿ ವೃತ್ತದ ಹತ್ತಿರ ಮಿಡ್‌ಫರ್ಡ್ ಗಾರ್ಡನ್ ರಸ್ತೆಯಲ್ಲಿ ವ್ಯಂಗ್ಯಚಿತ್ರಗಳ ಗ್ಯಾಲರಿ ಇದೆ. ಬಿಡುವಾದಾಗ ಹೋಗಿ. ಪ್ರತಿ ಚಿತ್ರದ ಪಕ್ಕ ಬಿಡಿಸಿದವರ ಹೆಸರು ಓದುತ್ತಾ ಹೋದರೆ ನಮ್ಮ ಪತ್ರಿಕೆಗಳ ಚರಿತ್ರೆಯೇ ಕಣ್ಣಮುಂದೆ ಬರುತ್ತೆ. ಆರ್.ಕೆ. ಲಕ್ಷ್ಮಣ್ ಅವರು ಯುವಕರಾಗಿದ್ದಾಗ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು ಅಂತ ಇವತ್ತು ನಮಗೆ ಗೊತ್ತಿದೆ. ಗೊತ್ತಿರೋದು ಚಿತ್ರದ ಜೊತೆ ಹೆಸರು ಉಳಿದಿದ್ದರಿಂದ. ಹೆಸರು ಉಳಿಯದೇ ಹೋದ ಎಷ್ಟು ಜನ ಗೆರೆಗಾರರು ಹಳೆ ವಾರಪತ್ರಿಕೆಗಳ ಕಥೆಗಳ ಪಕ್ಕದಲ್ಲಿದ್ದಾರೋ!

ಅದಕ್ಕೇ ನಾನು ಈಗ ಸಹಿಯನ್ನು ಮೂಲೆಯಲ್ಲಿ ಹಾಕಲ್ಲ. ಮರದ ಬೇರಿನಲ್ಲೋ, ಸೀರೆಯ ನಿರಿಗೆಯಲ್ಲೋ, ಗೆರೆಗಳ ನಡುವೆ ಸೇರಿಸುತ್ತೇನೆ. ಸಹಿ ಕತ್ತರಿಸಬೇಕು ಅಂದರೆ ಚಿತ್ರವನ್ನೇ ಕತ್ತರಿಸಬೇಕು.

ವಿಜಯನಗರದ ವಕೀಲ

ಗೆರೆ ಸರ್, ನೀವು ಮಾಡುತ್ತಿರುವುದಕ್ಕೆ ಕಾನೂನಿನ ಬಲವೂ ಇದೆ. ಸೆಕ್ಷನ್ 55(2) ನೋಡಿ. ಚಿತ್ರ ಬಿಡಿಸುವಾಗಲೇ ಅದರ ಮೇಲೆ ಯಾರ ಹೆಸರಿತ್ತೋ, ಬೇರೆ ಪುರಾವೆ ಬರುವವರೆಗೂ ಅವರೇ ಅದನ್ನು ಮಾಡಿದವರು ಎಂದು ಕೋರ್ಟ್ ನಂಬಿಕೊಂಡು ಮುಂದೆ ಹೋಗುತ್ತದೆ. ಪುಸ್ತಕ, ಲೇಖನಗಳಿಗೆ ಬಂದರೆ ಮುದ್ರಿತ ಪ್ರತಿಯ ಮೇಲಿನ ಹೆಸರಿಗೆ ಇದೇ ಬೆಲೆ. ಹೆಸರು ಬಿಟ್ಟರೆ ಬೇಸರ ಆಗುವುದು ಒಂದು ಕಡೆ ಇರಲಿ, ಒಂದು ಸಾಕ್ಷಿಯೂ ಹೋಗುತ್ತದೆ.

2012ರ ತಿದ್ದುಪಡಿಯಲ್ಲಿ ಸೆಕ್ಷನ್ 65ಬಿ ಬಂತು. ಕೃತಿಯ ಜೊತೆಗಿರುವ ಹೆಸರು, ಷರತ್ತುಗಳ ಮಾಹಿತಿಯನ್ನು ಗೊತ್ತಿದ್ದೂ ಅಧಿಕಾರವಿಲ್ಲದೆ ತೆಗೆದರೆ 2 ವರ್ಷದವರೆಗೆ ಶಿಕ್ಷೆ, ದಂಡ. ಫೋಟೋದ ಮೂಲೆ ಕತ್ತರಿಸುವುದು ಇದರ ಅಡಿ ಬರುತ್ತದೆ ಎಂದು ವಾದ ಮಾಡಬಹುದು. ಆದರೆ ಬೇಕೆಂದೇ ಮಾಡಿದ್ದು ಎಂದು ತೋರಿಸಬೇಕಾಗುತ್ತದೆ.

ಸಂಘದ ಸಂಚಿಕೆ

ನಾನು ನಮ್ಮ ಬಡಾವಣೆಯ ಕನ್ನಡ ಸಂಘದವನು. ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತೇವೆ. ಅಂಗಡಿಯವರ ಜಾಹೀರಾತಿನಿಂದ ಮುದ್ರಣದ ಖರ್ಚು ಹುಟ್ಟಿದರೆ ಅದೇ ಹೆಚ್ಚು. ಒಂದು ಪದ್ಯ ಹಾಕಲು ಪತ್ರ, ಒಂದು ಫೋಟೋ ಹಾಕಲು ಬಿಲ್ ಅಂತಾದರೆ ನಮ್ಮಂಥವರು ಸಂಚಿಕೆ ನಿಲ್ಲಿಸಬೇಕಾಗುತ್ತೆ. ನಾವು ಮಾಡುವುದು ಕನ್ನಡದ ಕೆಲಸವೇ ಅಲ್ವಾ? ದೊಡ್ಡ ಪತ್ರಿಕೆಯನ್ನೂ ನಮ್ಮನ್ನೂ ಒಂದೇ ಅಳತೆಯಲ್ಲಿ ಅಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೂ ಒಂದು ಕಷ್ಟ ಇದೆ. ಹಳೆ ಬೆಂಗಳೂರಿನ ಫೋಟೋಗಳು ನೂರು ಗುಂಪುಗಳಲ್ಲಿ ಓಡಾಡುತ್ತವೆ. ಯಾರು ತೆಗೆದಿದ್ದು ಅಂತ ಯಾರಿಗೂ ಗೊತ್ತಿರಲ್ಲ. ಆಗ ಏನು ಬರೆಯುವುದು?

ಮಲ್ಲೇಶ್ವರದ ಅನುವಾದಕಿ

ಸಂಘದ ಸರ್, ನಿಮ್ಮ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ನೀವು ಮುದ್ರಣದವರಿಗೆ ದುಡ್ಡು ಕೊಡುತ್ತೀರಿ. ಕಾಗದಕ್ಕೆ ಕೊಡುತ್ತೀರಿ. ಬಿಡುಗಡೆ ದಿನದ ಶಾಮಿಯಾನಕ್ಕೂ ಕೊಡುತ್ತೀರಿ. ಬರೆದವರಿಗೆ ಮಾತ್ರ ‘ಕನ್ನಡದ ಕೆಲಸ’ ಅಂದುಬಿಟ್ಟರೆ ಹೇಗೆ? ದುಡ್ಡಿಲ್ಲ ಎಂದು ಮೊದಲೇ ಹೇಳಿ ಕೇಳಿ. ಸಂಘದ ಸಂಚಿಕೆಗೆ ಬೇಡ ಅನ್ನುವವರು ಕಡಿಮೆ. ನಾನಂತೂ ಇಲ್ಲ ಅಂದಿಲ್ಲ. ಕೇಳಲು ಒಂದು ಮೆಸೇಜ್ ಸಾಕು. ಹೆಸರು ಹಾಕಲು ಒಂದು ಸಾಲು ಸಾಕು. ಅದಕ್ಕೆ ಯಾವ ಬಜೆಟ್ ಬೇಕು?

ಅನುವಾದಕರ ಕಥೆ ಇನ್ನೂ ವಿಚಿತ್ರ. ನಾವು ಮಾಡಿದ ಕವಿತೆ, ಕಥೆ ಸಂಚಿಕೆಯಲ್ಲಿ ಬರುತ್ತೆ. ಕೆಳಗೆ ಮೂಲ ಕವಿಯ ಹೆಸರು ಮಾತ್ರ. ಲ್ಯಾಟಿನ್ ಅಮೆರಿಕದ ಕವಿ ಸೀದಾ ಕನ್ನಡದಲ್ಲೇ ಬರೆದ ಹಾಗೆ ಕಾಣುತ್ತೆ. ಪುಸ್ತಕ ವಿಮರ್ಶೆಗಳಲ್ಲೂ ಅಷ್ಟೇ. ‘ಭಾಷೆ ಹಿತವಾಗಿ ಹರಿಯುತ್ತದೆ’ ಎಂದು ಬರೆಯುತ್ತಾರೆ. ಆ ಭಾಷೆ ಯಾರದು ಅಂತ ಹೇಳುವುದಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಕುಣಿದಾಡಿದೆವು. ಆ ಪ್ರಶಸ್ತಿಯ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸರಿಸಮ ಹಂಚಿಕೆ ಆಗುತ್ತೆ. ಬಾನು ಅವರಿಗೆ ಅರ್ಧ, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೆ ಅರ್ಧ. ಕನ್ನಡದ ಮೊದಲ ಬೂಕರ್ ಅದು. ಅನುವಾದಕಿಯ ಹೆಸರು ಬಿಟ್ಟು ಆ ಸುದ್ದಿ ಹೇಳಿದರೆ ಅರ್ಧ ಸುದ್ದಿ ಹೇಳಿದ ಹಾಗೆ. ನಮ್ಮ ಸಂಚಿಕೆಗಳಲ್ಲೂ ಎರಡು ಹೆಸರು ಒಟ್ಟಿಗೆ ಬರಲಿ: ಮೂಲ ಇವರದು, ಕನ್ನಡಕ್ಕೆ ಇವರು. ವಿಷಯಸೂಚಿಯಲ್ಲೂ ಬರಲಿ. ಬರೀ ಕೊನೆಯ ಪುಟದಲ್ಲಿ ಬೇಡ.

ವಿಜಯನಗರದ ವಕೀಲ

ಮೇಡಂ ಹೇಳಿದ್ದಕ್ಕೆ ಕಾನೂನಿನ ಒಂದು ಮಾತು ಸೇರಿಸುತ್ತೇನೆ. ಅನುವಾದವೂ ಸ್ವತಂತ್ರ ಕೃತಿಯೇ. ಅದರ ಕರ್ತೃ ಅನುವಾದಕರು. ಆದ್ದರಿಂದ ಮರುಮುದ್ರಣ ಮಾಡುವವರು ಮೂಲ ಲೇಖಕರನ್ನೂ ಕೇಳಬೇಕು, ಅನುವಾದಕರನ್ನೂ ಕೇಳಬೇಕು.

ಸಂಘದ ಸರ್, ನಿಮ್ಮ ಪದ್ಯದ ವಿಷಯ. ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಬಿ.ಎಂ. ಶ್ರೀಕಂಠಯ್ಯ ಅವರು 1946ರಲ್ಲಿ ತೀರಿಕೊಂಡರು. 2006ರ ಕೊನೆಗೆ ಅವಧಿ ಮುಗಿಯಿತು. ಅವರು ಬದುಕಿದ್ದಾಗ ಪ್ರಕಟವಾದ ಪದ್ಯಗಳನ್ನು ಯಾರನ್ನೂ ಕೇಳದೆ ಮುದ್ರಿಸಬಹುದು. ಡಿ.ವಿ.ಜಿ. ಅವರು ಹೋಗಿದ್ದು 1975ರಲ್ಲಿ. ಅವರ ಕೃತಿಗಳಿಗೆ 2035ರ ಕೊನೆವರೆಗೆ ಹಕ್ಕು ಇದೆ. ಕುವೆಂಪು ಅವರದು 2054ರವರೆಗೆ. ಫೇಸ್‌ಬುಕ್‌ನಲ್ಲಿ ದಿನಾ ಕಗ್ಗ ಓದುತ್ತೇವೆ ಎಂದು ಇಡೀ ಕಗ್ಗವನ್ನೇ ಪುಸ್ತಕ ಮಾಡಿ ಹಂಚುವ ಹಾಗಿಲ್ಲ.

ಅವಧಿ ಮುಗಿದರೂ ಹೆಸರು ಬಿಡಬೇಡಿ. 2012ರ ತಿದ್ದುಪಡಿಯ ನಂತರ ಲೇಖಕರ ವಾರಸುದಾರರೂ ‘ಇದು ಇವರ ಕೃತಿ’ ಎಂದು ಹೇಳಲು ದಾರಿ ಇದೆ.

ಬರಹಗಾರರಿಗೆ ಒಂದು ಎಚ್ಚರಿಕೆ. ರಾಜಕೀಯ, ಸಾಮಾಜಿಕ, ಆರ್ಥಿಕ, ಧಾರ್ಮಿಕ ವಿಷಯಗಳ ಪ್ರಚಲಿತ ಲೇಖನವನ್ನು ಬೇರೆ ಪತ್ರಿಕೆ ಮರುಮುದ್ರಿಸಲು ಸೆಕ್ಷನ್ 52(1)(ಎಂ) ಬಿಡುತ್ತದೆ. ಲೇಖಕರು ಆ ಹಕ್ಕನ್ನು ಸ್ಪಷ್ಟವಾಗಿ ಕಾಯ್ದಿರಿಸಿದ್ದರೆ ಮಾತ್ರ ಹಾಗೆ ಮಾಡುವಂತಿಲ್ಲ. ಅಂಥ ಲೇಖನ ಬರೆಯುವವರು ಕೊನೆಯಲ್ಲಿ ‘ಮರುಮುದ್ರಣದ ಹಕ್ಕು ಕಾಯ್ದಿರಿಸಿದೆ’ ಎಂದು ಒಂದು ಸಾಲು ಹಾಕಿ. ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ವಿಕಿ ಕೆಲಸಗಾರ

ಫೋಟೋ ಸಿಗಲ್ಲ, ದುಡ್ಡಿಲ್ಲ ಅನ್ನುವವರಿಗೆ ವಿಕಿಮೀಡಿಯಾ ಕಾಮನ್ಸ್ ಇದೆ, ವಿಕಿಪೀಡಿಯದವರ ಆನ್‌ಲೈನ್ ಫೋಟೋ ಭಂಡಾರ. ಬೆಂಗಳೂರಿನ ಕೆರೆ, ಗುಡಿ, ಮಾರುಕಟ್ಟೆ, ಹಕ್ಕಿಗಳ ಒಳ್ಳೆ ಫೋಟೋಗಳು ಅಲ್ಲಿವೆ. ದುಡ್ಡು ಕೊಡಬೇಕಿಲ್ಲ, ಕೇಳಬೇಕೂ ಇಲ್ಲ. ಆದರೆ ಷರತ್ತು ಪಾಲಿಸಬೇಕು. ಬಹಳಷ್ಟು ಫೋಟೋಗಳು ‘ಷರತ್ತು ಪಾಲಿಸಿ, ಯಾರು ಬೇಕಾದರೂ ಬಳಸಿ’ ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿರುತ್ತವೆ. ತೆಗೆದವರ ಹೆಸರು, ಲೈಸೆನ್ಸ್ ಹೆಸರು, ಎಲ್ಲಿಂದ ತಂದಿರಿ, ಬದಲಾವಣೆ ಮಾಡಿದ್ದರೆ ಅದು, ಇಷ್ಟನ್ನೂ ಹೇಳಬೇಕು.

ನಮ್ಮ ಪತ್ರಿಕೆಗಳು ಹಾಕೋದು ‘ಕೃಪೆ: ವಿಕಿಪೀಡಿಯ’. ಇದು ಸಾಲದು. ವಿಕಿಪೀಡಿಯ ಕ್ಯಾಮೆರಾ ಹಿಡಿದುಕೊಂಡು ಹೆಸರಘಟ್ಟ ಕೆರೆ ದಂಡೆಗೆ ಹೋಗಿಲ್ಲ. ಹೋದವರು ಒಬ್ಬ ಮನುಷ್ಯ. ಬೆಳಗಿನ ಜಾವ ಎದ್ದು, ತನ್ನ ಪೆಟ್ರೋಲ್ ಹಾಕಿಕೊಂಡು ಹೋಗಿ, ಫೋಟೋ ತೆಗೆದು, ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟಿದ್ದಾರೆ. ವಾಪಸ್ ಕೇಳಿದ್ದು ಒಂದು ಸಾಲು ಮಾತ್ರ. ಅದನ್ನೂ ಕೊಡಲ್ಲ ಅಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತೆ.

ಫೋಟೋದ ಪುಟದಲ್ಲೇ ಯಾವ ಸಾಲು ಹಾಕಬೇಕು ಅಂತ ಸಿದ್ಧವಾಗಿ ಕೊಟ್ಟಿರುತ್ತಾರೆ, ನಕಲು ಮಾಡಿಕೊಂಡರೆ ಮುಗೀತು. ತಪ್ಪಿದ್ದು ಗೊತ್ತಾದರೆ ಸರಿಪಡಿಸಲೂ ದಾರಿ ಇದೆ. 4.0 ಆವೃತ್ತಿಯ ಲೈಸೆನ್ಸ್‌ನಲ್ಲಿ, ತಪ್ಪು ಗಮನಕ್ಕೆ ಬಂದ 30 ದಿನದೊಳಗೆ ತಿದ್ದಿದರೆ ಬಳಸುವ ಹಕ್ಕು ತಾನಾಗಿ ವಾಪಸ್ ಬರುತ್ತೆ. ಇಷ್ಟು ಉದಾರವಾದ ವ್ಯವಸ್ಥೆ ಬೇರೆಲ್ಲೂ ನಾನು ನೋಡಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಇಂಥದೇ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು. ಅಲ್ಲಿಂದ ತೆಗೆದು ಬರೆಯುವವರು ‘ಸಂಗ್ರಹ’ ಅಂತ ಹಾಕಿ ಕೈ ತೊಳೆದುಕೊಳ್ಳಬಾರದು. ವಿಶ್ವಕೋಶದ ಹೆಸರು ಹೇಳಬೇಕು.

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಹೇಳಿಬಿಡುತ್ತೇನೆ. ನಮ್ಮಲ್ಲಿ ತುಂಬಾ ಜನ ‘ನುಡಿ ಕೀಲಿಮಣೆ’ಯಲ್ಲಿ ಟೈಪ್ ಮಾಡುತ್ತೇವೆ. ಅದಕ್ಕೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ದಿನವಿಡೀ ಅವರ ಕೆಲಸದ ಮೇಲೆ ಬೆರಳಾಡಿಸುತ್ತೇವೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಅವರ ಹೆಸರೂ ಹೇಳಿಕೊಡೋಣ.

ಡೆಸ್ಕ್‌ನಲ್ಲಿ ಕೂತವನು

ಸಂಘದ ಸರ್, ಹಳೆ ಫೋಟೋಗೆ ನಾನು ಹೇಳೋದು ಇಷ್ಟೇ. ಎಲ್ಲಿ ಸಿಕ್ಕಿತೋ ಅದನ್ನು ಬರೆಯಿರಿ. ‘ತೆಗೆದವರು ತಿಳಿದಿಲ್ಲ, ಚಾಮರಾಜಪೇಟೆಯ ಒಂದು ಕುಟುಂಬದ ಆಲ್ಬಮ್‌ನಿಂದ’ ಅಂತ ಹಾಕಿ. ‘ತಿಳಿದವರು ದಯವಿಟ್ಟು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕುತ್ತೇವೆ’ ಅಂತ ಸೇರಿಸಿ. ಪತ್ತೆ ಆಗುತ್ತೆ. ಮೊಮ್ಮಕ್ಕಳು ಫೋನ್ ಮಾಡುತ್ತಾರೆ.

ಪತ್ರಿಕೆಯಲ್ಲಿ ಸಂಬಳಕ್ಕಿದ್ದ ಛಾಯಾಗ್ರಾಹಕರ ವಿಷಯವನ್ನೂ ಇಲ್ಲಿ ಸೇರಿಸಬೇಕು. ಅವರು ನಿವೃತ್ತಿ ಆದ ಮೇಲೆ ಅದೇ ಫೋಟೋ ‘ಸಂಗ್ರಹ ಚಿತ್ರ’ ಆಗಿಬಿಡುತ್ತೆ. ಹಕ್ಕು ಕಂಪನಿಯದೇ ಇರಬಹುದು. ಆದರೆ ಅಂದು ವಿಧಾನಸೌಧದ ಮುಂದೆ ಲಾಠಿ ಏಟಿನ ನಡುವೆ ನಿಂತು ತೆಗೆದವರು ಅವರೇ ತಾನೇ?

ವಿಜಯನಗರದ ವಕೀಲ

ಪೂರ್ತಿ ಕಂಪನಿಯದೂ ಅಲ್ಲ ಸರ್. ಸೆಕ್ಷನ್ 17ರ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ನೌಕರರು ಪತ್ರಿಕೆಗಾಗಿ ಮಾಡಿದ ಕೃತಿಯಲ್ಲಿ ಪತ್ರಿಕೆ, ನಿಯತಕಾಲಿಕಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲೀಕರದು. ಉಳಿದದ್ದು ಕೃತಿ ಮಾಡಿದವರದು. ಆದರೆ ನೇಮಕಾತಿ ಪತ್ರದಲ್ಲಿ ಏನಿದೆ ಎಂದು ಓದಿಕೊಳ್ಳಬೇಕು. ಎಷ್ಟೋ ಕಡೆ ಎಲ್ಲವನ್ನೂ ಬರೆಸಿಕೊಂಡಿರುತ್ತಾರೆ. ಬರೆಸಿಕೊಂಡಿದ್ದರೂ ಸೆಕ್ಷನ್ 57ರ ಹೆಸರಿನ ಹಕ್ಕು ಇದ್ದೇ ಇರುತ್ತದೆ.

ಹಾಡು ಕೂಡಿಡುವವ

ನನ್ನದೂ ಒಂದು ಮಾತು. ಪತ್ರಿಕೆಗಳು ಹಾಡಿನ ಸಾಲು ಹಾಕಿ ಕೆಳಗೆ ‘ಜನಪದ’ ಅಂತ ಬರೆಯುತ್ತವೆ. ಹಾಡು ಜನಪದದ್ದೇ, ಸರಿ. ಆದರೆ ಹಾಡಿನ ಆ ರೂಪ ಯಾವುದೋ ಊರಿನ ಒಬ್ಬ ಹೆಣ್ಣುಮಗಳು ರಾಗಿ ಬೀಸುತ್ತಾ ಕಲಿತು, ಮುಪ್ಪಿನಲ್ಲಿ ಯಾರೋ ಕೇಳಿದಾಗ ಹಾಡಿದ್ದು. ಇನ್ನೊಬ್ಬರು ಬಸ್ಸು ಹತ್ತಿ ಹೋಗಿ, ಅವರ ಬಿಡುವು ಕಾದು, ರೆಕಾರ್ಡ್ ಮಾಡಿ, ಬರೆದುಕೊಂಡದ್ದು. ಹಾಡಿದವರು, ಸಂಗ್ರಹಿಸಿದವರು, ಊರು, ಮೂರೂ ಬರಬೇಕು. ಒಳ್ಳೆಯ ಸಂಗ್ರಾಹಕರು ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಕೊಟ್ಟಿರುತ್ತಾರೆ. ಪುಸ್ತಕದಿಂದ ಪತ್ರಿಕೆಗೆ ಬರುವ ದಾರಿಯಲ್ಲಿ ಹಾಡಿದವರೇ ಉದುರಿ ಹೋಗುತ್ತಾರೆ.

ಅಂಕೋಲೆ ಕಡೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಡಿದ ಹಾಡನ್ನು ‘ಸುಕ್ರಜ್ಜಿ ಹಾಡು’ ಅಂತಲೇ ಜನ ಗುರುತಿಸುವ ಹಾಗಾಯಿತು. ಅವರಂಥ ಎಷ್ಟೋ ಅಜ್ಜಿಯರ ಹೆಸರು ನಮ್ಮ ಹತ್ತಿರ ಇಲ್ಲ. ಅವರು ಹೇಳದೇ ಇರಲಿಲ್ಲ. ನಾವು ಬರೆಯಲಿಲ್ಲ.

ವಕೀಲ ಸರ್, ಹಾಡುವವರಿಗೂ ಕಾನೂನಿನಲ್ಲಿ ಏನಾದರೂ ಇದೆಯಾ?

ವಿಜಯನಗರದ ವಕೀಲ

ಇದೆ. 2012ರಲ್ಲಿ ಸೇರಿಸಿದ ಸೆಕ್ಷನ್ 38ಬಿ. ಹಾಡುವವರು, ವಾದ್ಯ ನುಡಿಸುವವರು, ನಟರು ‘ಇದನ್ನು ಪ್ರದರ್ಶಿಸಿದ್ದು ನಾನು’ ಎಂದು ಗುರುತಿಸಿಕೊಳ್ಳುವ ಹಕ್ಕು ಅದರಲ್ಲಿದೆ. ನೀವು ರೆಕಾರ್ಡ್ ಮಾಡುವಾಗ ಮೊದಲಿಗೇ ಅವರ ಹೆಸರು, ಊರನ್ನು ಅವರ ಬಾಯಲ್ಲೇ ಹೇಳಿಸಿ. ಆ ಧ್ವನಿಯೇ ದಾಖಲೆ.

ಈಗ ಕ್ಯಾಮೆರಾ ಮೇಡಂ ಕೇಳಿದ್ದಕ್ಕೆ ಬರುತ್ತೇನೆ. ಮೊದಲು ಸಂಪಾದಕರಿಗೆ ಬರಹದಲ್ಲಿ ದೂರು ಕೊಡಿ. ಫೋನ್ ಲೆಕ್ಕಕ್ಕಿಲ್ಲ. ಮೂಲ ಫೈಲ್, ಕತ್ತರಿಸದ ಫೋಟೋ, ಪೇಜಿನಲ್ಲಿ ಹಾಕಿದ ದಿನದ ಸ್ಕ್ರೀನ್‌ಶಾಟ್, ಪತ್ರಿಕೆಯ ಪುಟ, ಎಲ್ಲವನ್ನೂ ಒಂದು ಕಡೆ ಇಟ್ಟುಕೊಳ್ಳಿ. ಬಿಲ್‌ನಲ್ಲಿ ನೀವು ಬೇರೆಯವರಿಗೆ ಅರ್ಧ ಪುಟಕ್ಕೆ ಹಾಕುವ ದರವನ್ನೇ ಹಾಕಿ. ಸಿಟ್ಟಿನಲ್ಲಿ ಹತ್ತು ಪಟ್ಟು ಬರೆದರೆ ಮಾತುಕತೆ ಅಲ್ಲೇ ಮುರಿಯುತ್ತದೆ.

ಉತ್ತರ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ (ಪ್ರೆಸ್ ಕೌನ್ಸಿಲ್) ಹೋಗಬಹುದು. ಮೂಲ ಹೇಳದೆ ಬೇರೆಯವರ ಬರಹ, ವಿಚಾರ ಬಳಸುವುದು ಪತ್ರಿಕಾ ನೀತಿಗೆ ವಿರುದ್ಧ ಎಂದು ಮಂಡಳಿಯ ನಿಯಮಾವಳಿಯಲ್ಲೇ ಇದೆ. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ 2 ತಿಂಗಳೊಳಗೆ ದೂರು ಕೊಡಬೇಕು. ಸಂಪಾದಕರಿಗೆ ಮೊದಲು ಬರೆದ ಪತ್ರದ ಪ್ರತಿ ಕೇಳುತ್ತಾರೆ. ಮಂಡಳಿ ಛೀಮಾರಿ ಹಾಕಬಹುದು, ದಂಡ ಹಾಕಲು ಬರುವುದಿಲ್ಲ.

ಕೋರ್ಟಿಗೆ ಹೋಗಲು 3 ವರ್ಷದ ಅವಧಿ ಇದೆ. ಸೆಕ್ಷನ್ 62ರ ಪ್ರಕಾರ ನೀವು ವಾಸ ಇರುವ ಊರಿನಲ್ಲೇ ದಾವೆ ಹಾಕಬಹುದು. ಪತ್ರಿಕೆಯ ಮುಖ್ಯ ಕಚೇರಿ ಎಲ್ಲೇ ಇರಲಿ. ವಕೀಲರ ಖರ್ಚಿನ ಚಿಂತೆ ಇದ್ದರೆ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಲು ಅರ್ಹತೆ ಇದೆ. ಆದರೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಕ್ಕಿಲ್ಲ. ನೆಟ್ಟಗೆ ಬರೆದ ಪತ್ರಕ್ಕೆ ಹೆಚ್ಚಿನ ಸಂಪಾದಕರು ಉತ್ತರ ಕೊಡುತ್ತಾರೆ.

ಸಂಘದ ಸಂಚಿಕೆ

ಎಲ್ಲರಿಗೂ ಧನ್ಯವಾದ. ಬಜೆಟ್ ಬಗ್ಗೆ ನನ್ನ ತಕರಾರು ಪೂರ್ತಿ ಹೋಗಿಲ್ಲ. ಹೆಸರಿನ ಬಗ್ಗೆ ಮಾತ್ರ ತಕರಾರಿಲ್ಲ. ಈ ಸಲದ ಸಂಚಿಕೆಗೆ ಕಾಮನ್ಸ್‌ನಿಂದ ಫೋಟೋ ಹುಡುಕುತ್ತೇವೆ. ಅನುವಾದಕಿ ಮೇಡಂ, ನಿಮ್ಮ ಒಂದು ಕವಿತೆ ಕೊಡುತ್ತೀರಾ? ಗೌರವಧನ ಕೊಡಲು ಆಗುವುದಿಲ್ಲ. ಎರಡೂ ಹೆಸರು ಕವಿತೆಯ ತಲೆ ಮೇಲೆ, ವಿಷಯಸೂಚಿಯಲ್ಲಿ ಬರುತ್ತವೆ. ಸಂಚಿಕೆಯ ಪ್ರತಿ ಮನೆಗೆ ಕಳಿಸುತ್ತೇವೆ.

ಮಲ್ಲೇಶ್ವರದ ಅನುವಾದಕಿ

ಕೊಡುತ್ತೇನೆ ಸರ್. ಮೂಲ ಕವಿಯ ಪ್ರಕಾಶಕರಿಗೆ ಇವತ್ತೇ ಮೇಲ್ ಮಾಡಿ ಕೇಳುತ್ತೇನೆ. ಅವರು ಒಪ್ಪಿದ ಪತ್ರದ ಪ್ರತಿ ನಿಮಗೂ ಕಳಿಸುತ್ತೇನೆ, ಫೈಲಿನಲ್ಲಿಡಿ.

ಬಸವನಗುಡಿ ಕ್ಯಾಮೆರಾ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿರಿ, ತುಂಬಾ ಧೈರ್ಯ ಬಂತು. ಪತ್ರ ಬರೆದಿದ್ದೇನೆ, ನೋಡಿ ಹೇಳಿ:

“ಮಾನ್ಯ ಸಂಪಾದಕರಿಗೆ, ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿರುವ ಕಡಲೆಕಾಯಿ ಪರಿಷೆಯ ಫೋಟೋ ನಾನು ತೆಗೆದದ್ದು. ಅದನ್ನು ಬಳಸಲು ನನ್ನ ಅನುಮತಿ ಪಡೆದಿಲ್ಲ, ನನ್ನ ಹೆಸರೂ ಇಲ್ಲ. ಮೂಲದಲ್ಲಿ ಹೆಸರಿದ್ದ ಭಾಗ ಕತ್ತರಿಸಿ ಹೋಗಿದೆ. ಮೂಲ ಫೈಲ್ ಮತ್ತು ಮೊದಲು ಪ್ರಕಟಿಸಿದ ದಿನದ ದಾಖಲೆ ಲಗತ್ತಿಸಿದ್ದೇನೆ. ಆನ್‌ಲೈನ್ ಪುಟದಲ್ಲಿ ಫೋಟೋದ ಕೆಳಗೆ ನನ್ನ ಹೆಸರು ಕೂಡಲೇ ಸೇರಿಸಿ. ಮುಂದಿನ ಪುರವಣಿಯಲ್ಲಿ, ಅದೇ ಪುಟದಲ್ಲಿ, ಫೋಟೋ ತೆಗೆದವರು ಯಾರೆಂದು ತಿದ್ದುಪಡಿ ಪ್ರಕಟಿಸಿ. ಅರ್ಧ ಪುಟದ ಬಳಕೆಗೆ ನನ್ನ ಬಿಲ್ ಜೊತೆಗಿದೆ. ಹದಿನೈದು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ. ನಿಮ್ಮ ಪತ್ರಿಕೆಗೆ ಫೋಟೋ ಬೇಕಾದಾಗ ಕೇಳಿದರೆ ಸಂತೋಷದಿಂದ ಕೊಡುತ್ತೇನೆ.”

ಕೊನೆಯ ಸಾಲು ಇರಲಾ, ತೆಗೆಯಲಾ?

ಗೆರೆ ಎಳೆಯುವವ

ಇರಲಿ ಅಕ್ಕ. ಅದು ನಿಜ ತಾನೇ.

ಡೆಸ್ಕ್‌ನಲ್ಲಿ ಕೂತವನು

ಚೆನ್ನಾಗಿದೆ ಮೇಡಂ. ಎರಡು ಸಣ್ಣ ಸಲಹೆ. ತಾರೀಖು, ಪುಟ ಸಂಖ್ಯೆ, ಲೇಖನದ ತಲೆಬರಹ ಸೇರಿಸಿ. ಇಲ್ಲದಿದ್ದರೆ ಪತ್ರ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಸುತ್ತುತ್ತೆ. ತಿದ್ದುಪಡಿ ಯಾವ ಮಾತಿನಲ್ಲಿ ಬರಬೇಕು ಅಂತ ಒಂದು ಸಾಲು ನೀವೇ ಬರೆದುಕೊಡಿ, ನಿಮ್ಮ ಹೆಸರಿನ ಕಾಗುಣಿತ ಸಮೇತ. ಪುರವಣಿ ಪುಟಗಳು ಭಾನುವಾರಕ್ಕೆ ಎರಡು ಮೂರು ದಿನ ಮೊದಲೇ ಮುಗಿದಿರುತ್ತವೆ. ಈ ವಾರವೇ ಬರಬೇಕು ಅಂದರೆ ನಾಳೆ ಬೆಳಿಗ್ಗೆ ಮೇಲ್ ಮಾಡಿ, ಮಧ್ಯಾಹ್ನ ಒಂದು ಪ್ರತಿಯನ್ನು ಕಚೇರಿಯಲ್ಲಿ ಕೈಯಾರೆ ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ.